ಜಿ.ಕೆ. ಮಾವ

ನಮ್ಮ ಕಡೆ ಪ್ರತಿ ಕುಟುಂಬಕ್ಕೂ ಒಬ್ಬ ಜಿ.ಕೆ. ಮಾವ ಇದ್ದೇ ಇರುತ್ತಾರೆ. ಕಾರ್ಪೊರೇಷನ್ ಬ್ಯಾಂಕು 1906ರಲ್ಲೂ ಸಿಂಡಿಕೇಟ್ ಬ್ಯಾಂಕು 1925ರಲ್ಲೂ ಉಡುಪಿಯಲ್ಲೇ ಹುಟ್ಟಿದ್ದರ ಅಡ್ಡ ಪರಿಣಾಮ ಇದು ಎಂದು ನನಗೆ ಗುಮಾನಿ. ನಾವೆಲ್ಲ ಭೂಗೋಳವನ್ನು ಅಟ್ಲಾಸ್ ನೋಡಿ ಉರು ಹೊಡೆದರೆ ಇವರು ಟ್ರಾನ್ಸ್‌ಫರ್ ಆರ್ಡರ್ ನೋಡಿ ಕಲಿತವರು. ಧನಬಾದ್, ಜೋರ್ಹಾಟ್, ಪ್ರಮೋಷನ್ ಒಪ್ಪಿಕೊಂಡ ತಪ್ಪಿಗೆ ಭಟಿಂಡಾ. ನಿವೃತ್ತರಾಗಿ ಬಂದು ಮಣಿಪಾಲದ ಅಂಚಿನಲ್ಲಿ ಮನೆ ಕಟ್ಟಿಸಿದರು. 2020ರಲ್ಲಿ ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮಾವ ಮಾತ್ರ ಯಾವುದರಲ್ಲೂ ವಿಲೀನವಾಗದೆ ಉಳಿದರು.

ಮದುವೆಮನೆಯಲ್ಲಿ ನೀವು ಎಲೆಯ ಮುಂದೆ ಕೂತು ಅನ್ನಕ್ಕೆ ಸಾರು ಕಲಸುತ್ತಿರುವಾಗ ಪಕ್ಕದ ಎಲೆಯಿಂದ ಬರುತ್ತದೆ: "ಬುರ್ಕಿನಾ ಫಾಸೋದ ರಾಜಧಾನಿ ಯಾವುದು, ಹೇಳು ನೋಡುವ!" ನಿಮಗೆ ಗೊತ್ತಿಲ್ಲದಿದ್ದರೆ ಹೋಳಿಗೆ ಬರುವವರೆಗೂ ಖುಷಿಯಿಂದ ಕಾಯುತ್ತಾರೆ. ಗೊತ್ತಿದ್ದು ಹೇಳಿಬಿಟ್ಟಿರೋ, ಅವರ ಮುಖ ಸಣ್ಣದಾಗುತ್ತದೆ. ಹಾಗಾಗಿ ಔಗಡೂಗು ಎಂದು ಬಲ್ಲವರೂ ಬಾಯಿ ಬಿಡುವುದಿಲ್ಲ. ಮಣ್ಣಪಳ್ಳದ ಸುತ್ತ ಸಂಜೆ ವಾಕಿಂಗ್ ಬರುವ ಕಾಲೇಜು ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದು ಹಾಡು ಕೇಳಲಿಕ್ಕೆ ಎಂದು ನೀವು ತಿಳಿದಿದ್ದರೆ, ನೀವು ಮಾವನನ್ನು ನೋಡಿಲ್ಲ.

ಹಾಗೆಂದು ಅವರದ್ದು ಬರೀ ಬೊಗಳೆಯಲ್ಲ. ಒಮ್ಮೆ ಕಾಪು ಬೀಚಿನಲ್ಲಿ, 1901ರ ಲೈಟ್‌ಹೌಸ್ ಇರುವ ಬಂಡೆಯ ಮೇಲೆ ನಿಂತು ಪಡುವಣಕ್ಕೆ ಕೈ ತೋರಿಸಿದರು. "ಇಲ್ಲಿಂದ ನೇರ ಹೋದರೆ ಯಾವ ದೇಶ ಸಿಗ್ತದೆ, ಹೇಳಿ ನೋಡುವ!" ಮನೆಗೊಬ್ಬರನ್ನು ಗಲ್ಫಿಗೆ ಕಳಿಸಿದ ಊರಿನವರು ನಾವು, ಒಟ್ಟಿಗೇ "ದುಬೈ" ಎಂದೆವು. "ಅಲ್ಲ ಮಾರಾಯ್ರೆ, ಯೆಮನ್! ನಮ್ಮದು 13 ಡಿಗ್ರಿ, ದುಬೈ 25. ದುಬೈ ಸಿಗಬೇಕಾದ್ರೆ ಮೊದಲು ರಾಜಸ್ಥಾನದ ನೇರಕ್ಕೆ ಹೋಗ್ಬೇಕು." ಮನೆಗೆ ಬಂದು ನಕ್ಷೆ ಬಿಡಿಸಿದೆ. ಸ್ಕೇಲಿಟ್ಟು ಗೆರೆ ಎಳೆದರೆ ಏಡನ್ ಪಟ್ಟಣದ ಆಸುಪಾಸಿನ ದಡ. ಅವತ್ತು ಅವರ ಕಾಲಿಗೆ ಬೀಳಬೇಕೆನಿಸಿದ್ದು ಸುಳ್ಳಲ್ಲ.

ಪೆಟ್ಟು ಬೀಳುವುದು ಹತ್ತಿರದ ಊರುಗಳಲ್ಲಿ. ಕಾರ್ಕಳದಲ್ಲಿ ಮಾವನ ತಂಗಿಯ ಮನೆ. ಗೊಮ್ಮಟನ ಎತ್ತರ 42 ಅಡಿ, ನಿಲ್ಲಿಸಿದ್ದು 1432ರಲ್ಲಿ ಎಂದು ಏಳನೇ ಕ್ಲಾಸಿನ ಮೊಮ್ಮಗಳಿಗೆ ಒಪ್ಪಿಸಿ ಮುಗಿಸಿದ್ದರಷ್ಟೆ. ಆ ಹುಡುಗಿ ತಿರುಗಿಸಿ ಕೇಳಿತು, "ಅಜ್ಜ, ಉಡುಪಿ ಜಿಲ್ಲೆಗೆ ತಾಲೂಕು ಎಷ್ಟು?"

"ಮೂರು. ಉಡುಪಿ, ಕುಂದಾಪುರ, ಕಾರ್ಕಳ."

1997ರ ಆಗಸ್ಟ್ 25ಕ್ಕೆ, ಅಂದರೆ ಜಿಲ್ಲೆ ಹುಟ್ಟಿದ ದಿನಕ್ಕೆ, ಈ ಉತ್ತರಕ್ಕೆ ಪೂರ್ತಿ ಅಂಕ. ಆಮೇಲೆ ಬ್ರಹ್ಮಾವರ, ಬೈಂದೂರು, ಕಾಪು, ಹೆಬ್ರಿ ಸೇರಿ ಏಳಾದವು. ಆ ಹೊತ್ತಿಗೆ ಮಾವ ಬಹುಶಃ ಭಟಿಂಡಾದಲ್ಲಿದ್ದರು.

"ಬೈಂದೂರಿನವರು ಎಂಪಿ ಓಟು ಯಾವ ಕ್ಷೇತ್ರಕ್ಕೆ ಹಾಕುವುದು?"

"ಎಂತ ಪ್ರಶ್ನೆ ಇದು? ಉಡುಪಿ-ಚಿಕ್ಕಮಗಳೂರಿಗೆ."

"ಅಲ್ಲ, ಶಿವಮೊಗ್ಗಕ್ಕೆ!"

"ಯಾರು ಹೇಳಿದ್ದು?"

"ನಮ್ಮ ಟೀಚರ್. ಅವರ ಊರೇ ಬೈಂದೂರು."

ಮಾವ ಸ್ವಲ್ಪ ಹೊತ್ತು ಬಾಳೆಹಣ್ಣು ಸುಲಿದರು. ಆಮೇಲೆ ಅಮೆರಿಕದ ಚುನಾವಣೆಯಲ್ಲಿ ಪೆನ್ಸಿಲ್ವೇನಿಯಾಕ್ಕೆ 19 ಎಲೆಕ್ಟೋರಲ್ ಓಟು ಎಂದು ಎಲ್ಲರಿಗೂ ತಿಳಿಸಿ ಪಾರಾದರು.

ತಪ್ಪು ಅವರೊಬ್ಬರದ್ದಲ್ಲ ಬಿಡಿ. ಪೌರನೀತಿಯನ್ನು ನಮಗೆ ಕಲಿಸಿದ್ದೇ ದೆಹಲಿಯಿಂದ ಕೆಳಕ್ಕೆ. ರಾಷ್ಟ್ರಪತಿಯಾಗಲು 35 ವರ್ಷ ತುಂಬಿರಬೇಕೆಂದು ನಮ್ಮ ಕ್ಲಾಸಿಗೆ ಕ್ಲಾಸೇ ಬಾಯಿಪಾಠ ಮಾಡಿತ್ತು. ಇಷ್ಟರವರೆಗೆ ಒಬ್ಬರೂ ನಾಮಪತ್ರ ಸಲ್ಲಿಸಿದ ಸುದ್ದಿಯಿಲ್ಲ. ಸಂಸತ್ತು, ವಿಧಾನಸಭೆ ಎಲ್ಲ ದಾಟಿ ಪಂಚಾಯತಿನ ಪಾಠಕ್ಕೆ ಬರುವಷ್ಟರಲ್ಲಿ ಪರೀಕ್ಷೆಯೇ ಬಂದುಬಿಡುತ್ತಿತ್ತು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಗ್ರಾಮಸಭೆಯ ಸದಸ್ಯರೇ, ಅದಕ್ಕೆ ಯಾರೂ ಗೆದ್ದು ಬರಬೇಕಾಗಿಲ್ಲ. ಇದು ಗೊತ್ತಿದ್ದರೆ ಮಾವ ವಿಸಿಟಿಂಗ್ ಕಾರ್ಡ್ ಮಾಡಿಸುತ್ತಿದ್ದರು.

ಮಳೆಗಾಲದಲ್ಲಿ ಅವರ ಗೇಟಿನೆದುರಿನ ದಾರಿದೀಪ ಕೆಟ್ಟಿತು. ಮಾವ ನಗರಸಭೆಗೆ ಬೈಯಲು ಶುರುಮಾಡಿದರು. ಮಣಿಪಾಲ ಎಂದರೆ ಉಡುಪಿ ನಗರಸಭೆ, ಅದಕ್ಕೆ 35 ವಾರ್ಡು ಎಂಬಲ್ಲಿವರೆಗೆ ಅವರ ಲೆಕ್ಕ ಸರಿಯೇ. ಎಡವಟ್ಟೆಂದರೆ ನಗರಸಭೆ ಅವರ ಕಂಪೌಂಡಿಗೆ ನಾಲ್ಕು ಮನೆ ಮೊದಲೇ ಮುಗಿದು ಅಲ್ಲಿಂದ ಗ್ರಾಮ ಪಂಚಾಯತ್ ಶುರು. ಅಂಚೆಯವರ ಪ್ರಕಾರ ಅವರು ಮಣಿಪಾಲ 576104. ಮನೆತೆರಿಗೆಯ ರಶೀದಿ ಪ್ರಕಾರ ಹಳ್ಳಿಯವರು. ರಶೀದಿ ಅವರು ನೋಡಿದವರೇ ಅಲ್ಲ, ಕಟ್ಟಿ ಬರುವುದು ಅತ್ತೆ.

ಸಂಬಂಧವೇ ಇಲ್ಲದ ಕೌನ್ಸಿಲರ್‌ಗೆ ಬರೆದ ಎರಡು ಪುಟದ ಪತ್ರಕ್ಕೆ ಉತ್ತರ ಬಾರದೆ ಹೋದಾಗ ಮಾವ ಲ್ಯಾಪ್‌ಟಾಪ್ ಬಿಡಿಸಿ "ಮಾನ್ಯ ಪ್ರಧಾನಮಂತ್ರಿಗಳಿಗೆ" ಎಂದು ಶುರುಮಾಡಿದರು. ಅತ್ತೆ ತೊಂಡೆಕಾಯಿ ಹೆಚ್ಚುತ್ತಿದ್ದರು.

"ಒಂದು ಬಲ್ಬಿಗೆ ಪ್ರಧಾನಮಂತ್ರಿ ಯಾಕೆ? ನಾನು ಬೆಳಿಗ್ಗೆಯೇ ಪಿಡಿಒಗೆ ಫೋನ್ ಮಾಡಿದ್ದೇನೆ."

"ಪಿಡಿಒ ಅಂದ್ರೆ ಪಂಚಾಯತ್ ಡೆವಲಪ್‌ಮೆಂಟ್ ಆಫೀಸರ್," ಎಂದರು ಮಾವ, ತಲೆಯೆತ್ತದೆ.

"ಹೌದು. ನಂಬರ್ ಉಂಟಾ ನಿಮ್ಮಲ್ಲಿ?"

ಇರಲಿಲ್ಲ. ಅತ್ತೆಯ ಫೋನಿನಲ್ಲಿತ್ತು. ಪಿಡಿಒ ಮಾತ್ರವಲ್ಲ, "ಮೆಂಬರ್ ಅಕ್ಕ", "ನೀರು ಬಿಡುವವ", "ಕಸದ ಗಾಡಿ ಹೊಸತು", "ಲೈನ್‌ಮ್ಯಾನ್ ಒಳ್ಳೆಯವ", "ಲೈನ್‌ಮ್ಯಾನ್ ಇನ್ನೊಬ್ಬ". ಬುರ್ಕಿನಾ ಫಾಸೋ ಎಂದರೆ ಗಡ್‌ಬಡ್‌ನ ಹಾಗೆ ಒಂದು ಐಸ್‌ಕ್ರೀಮ್ ಎಂದು ನಂಬಿರುವ ಈ ಹೆಂಗಸಿನ ಮಾತಿಗೆ ಎರಡನೇ ದಿನ ಸಂಜೆ ದೀಪ ಉರಿಯಿತು. ಅತ್ತೆ ಮೆಂಬರ್ ಅಕ್ಕನ ಮನೆಗೆ ಹೋಗಿ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟು, "ದೊಡ್ಡ ಉಪಕಾರ ಆಯ್ತು" ಎಂದು ಹೇಳಿ ಬಂದರು. ತಾನು ಕಟ್ಟಿದ ತೆರಿಗೆಯಲ್ಲಿ ಆ ಬಲ್ಬೂ ಸೇರಿದೆ, ಹಪ್ಪಳದ ಬಾಬತ್ತು ಬೇರೆಯಿಲ್ಲ ಎಂಬುದು ಅತ್ತೆಯ ಸಿಲೆಬಸ್ಸಿನಲ್ಲೂ ಇಲ್ಲ. ನಾನು ಹೇಳಿನೋಡಿದೆ. "ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು" ಎಂದರು.

ಮಾವನ ದೂರು ಅಷ್ಟರಲ್ಲಿ ದೆಹಲಿ ತಲುಪಿಯಾಗಿತ್ತು. ದೀಪ ಉರಿಯತೊಡಗಿ ಎಷ್ಟೋ ದಿನದ ಮೇಲೆ ಅವರ ಮೊಬೈಲಿಗೆ ಸಂದೇಶ ಬಂತು: ನಿಮ್ಮ ದೂರನ್ನು ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ. ಮಾವ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ, "ದೆಹಲಿಗೆ ಬರೆದೆ. ದೀಪ ಬಂತು. ಪ್ರಜೆಗಳು ಜಾಗೃತರಾಗಬೇಕು" ಎಂದು ಕೆಳಗೆ ಬರೆದರು. ಸಾಲು ಸಾಲು ಕೈಮುಗಿದ ಚಿತ್ರಗಳು ಬಂದವು. ಅತ್ತೆಯೂ ಒಂದು ಹಾಕಿದರು. ಮಸ್ಕತ್ತಿನಲ್ಲಿರುವ ಅಳಿಯ ಮಾತ್ರ ಕೇಳಿದ, "ಮಾವ, ನಿಮ್ಮದು ಯಾವ ವಾರ್ಡು?"

ನೀಲಿ ಟಿಕ್ ಬಿತ್ತು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಾವನ ಹೊಸ ಸಂದೇಶ: "ಪ್ರಪಂಚದ ಅತಿ ಚಿಕ್ಕ ರಾಷ್ಟ್ರ ಯಾವುದು, ಹೇಳಿ ನೋಡುವ! ಗೂಗಲ್ ನೋಡ್ಲಿಕ್ಕಿಲ್ಲ."