ಎಸ್ಪ್ರೆಸೊ ಸಾಧಕ

ಕೊಚ್ಚಿ ಮತ್ತು ತಿರುವನಂತಪುರದಲ್ಲಿ ನೆಲೆಸಿರುವ ಕನ್ನಡಿಗ ಉದ್ಯೋಗಸ್ಥರಲ್ಲಿ, ಮನೆಯ ಅಡುಗೆಕಟ್ಟೆಯ ಮೇಲೆಯೇ ಇಟಲಿಯ ಕಾಫಿ ಇಳಿಸಬೇಕೆಂಬ ಹಂಬಲ ಹತ್ತಿದವನನ್ನು ಎಸ್ಪ್ರೆಸೊ ಸಾಧಕ ಎನ್ನಬಹುದು. ವಯಸ್ಸು ಸಾಮಾನ್ಯವಾಗಿ ಮೂವತ್ತೈದರಿಂದ ಐವತ್ತು. ಮನೆ ಸಾಲ ಅರ್ಧ ತೀರಿರುತ್ತದೆ, ಬೆನ್ನುನೋವು ಶುರುವಾಗಿರುತ್ತದೆ, ಮಕ್ಕಳು ಮಾತು ಕೇಳುವುದನ್ನು ಬಿಟ್ಟಿರುತ್ತಾರೆ. ಹೇಳಿದಂತೆ ಕೇಳುವ ವಸ್ತುವೊಂದು ಮನೆಯಲ್ಲಿರಲಿ ಎಂಬ ಆಸೆ ಹುಟ್ಟುವುದು ಇದೇ ಹೊತ್ತಿಗೆ. ಎಸ್ಪ್ರೆಸೊ ಯಂತ್ರ ಆ ಜಾತಿಯದಲ್ಲ ಎಂದು ತಿಳಿಯುವುದು ದುಡ್ಡು ಕೊಟ್ಟ ಮೇಲೆ.

ಸಾಧಕರಲ್ಲಿ ಎರಡು ತಳಿ. ಕೊಚ್ಚಿಯ ತಳಿ ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲಿ ಸಾಫ್ಟ್‌ವೇರ್ ಬರೆಯುತ್ತದೆ, ಇಲ್ಲವೇ ವರ್ಗವಾಗಿ ಬಂದು ಎರ್ನಾಕುಲಂನ ಬ್ಯಾಂಕ್ ಶಾಖೆಯೊಂದರಲ್ಲಿ ಸಾಲದ ಕಡತಕ್ಕೆ ಸಹಿ ಹಾಕುತ್ತದೆ. ತಿರುವನಂತಪುರದ ತಳಿ ಟೆಕ್ನೋಪಾರ್ಕಿನಲ್ಲೂ ಸಿಗುತ್ತದೆಯಾದರೂ, ಅದರ ಶುದ್ಧ ರೂಪ ಕಾಣುವುದು ಬಾಹ್ಯಾಕಾಶ ಇಲಾಖೆಯ ನೌಕರರಲ್ಲಿ. 1963ರ ನವೆಂಬರಿನಲ್ಲಿ ಭಾರತ ಮೊದಲ ರಾಕೆಟ್ ಹಾರಿಸಿದ ತುಂಬಾ ಎಂಬ ಊರು ಅಲ್ಲಿಯೇ ಇದೆ. ಒತ್ತಡ, ಉಷ್ಣ, ಕವಾಟಗಳ ನಡುವೆ ಹಗಲು ಕಳೆದವನಿಗೆ ಸಂಜೆ ಮನೆಯಲ್ಲೂ ಅವೇ ಮೂರು ಬೇಕೆನಿಸಿದರೆ ಆಶ್ಚರ್ಯವಿಲ್ಲ.

ಹಂಬಲದ ಮೂಲ ಕಾರಣ ಪರಿಸರ. ಕೇರಳದ ಬೀದಿ ಚಾಯದ್ದು. ಅಂಗಡಿಯಲ್ಲಿ ಕಾಪ್ಪಿ ಎಂದು ಕೇಳಿದರೆ ಬಹಳ ಕಡೆ ಬಿಸಿ ಹಾಲಿಗೆ ಇನ್‌ಸ್ಟಂಟ್ ಪುಡಿ ಕದಡಿ ಕೊಡುತ್ತಾರೆ. ಡಿಕಾಕ್ಷನ್ ಮೇಲೆ ಬೆಳೆದ ನಾಲಿಗೆಗೆ ಇದು ಅವಮಾನ. ತಂಬಾನೂರಿನ ಬಸ್ ನಿಲ್ದಾಣದ ಪಕ್ಕ ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್ ಇದೆ. ಇಟ್ಟಿಗೆಯ ಗೋಪುರದೊಳಗೆ ಸುರುಳಿಯಾಗಿ ಏರುವ ಇಳಿಜಾರು, ಅದರ ಉದ್ದಕ್ಕೂ ಮೇಜುಗಳು, ಬೀಸಣಿಗೆ ಪೇಟ ತೊಟ್ಟ ಮಾಣಿಗಳು. ಊರಿನಿಂದ ಬಂದ ನೆಂಟರನ್ನು ಸಾಧಕ ತಪ್ಪದೆ ಅಲ್ಲಿಗೆ ಕರೆದೊಯ್ಯುತ್ತಾನೆ. ನೆಂಟರು ಕಟ್ಲೆಟ್ ತಿಂದು ಸಂತೋಷಪಡುತ್ತಾರೆ. ಅವನು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, “ಎಕ್ಸ್‌ಟ್ರಾಕ್ಷನ್ ಜಾಸ್ತಿಯಾಗಿದೆ” ಎನ್ನುತ್ತಾನೆ.

ಅವನ ಹುಟ್ಟೂರು ದಾವಣಗೆರೆಯಾದರೂ ಮಾತಿನಲ್ಲಿ ಅದು “ನಮ್ಮ ಚಿಕ್ಕಮಗಳೂರು” ಆಗಿರುತ್ತದೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದರೆಂಬ ಐತಿಹ್ಯ, ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದೆಂಬ ಲೆಕ್ಕ, ನಮ್ಮ ರೊಬಸ್ಟಾ ಹಡಗೇರಿ ಇಟಲಿಗೆ ಹೋಗಿ ಅಲ್ಲಿನ ಎಸ್ಪ್ರೆಸೊಗೆ ನೊರೆ ಕೊಡುತ್ತದೆಂಬ ಸಂಗತಿ, ಈ ಮೂರೂ ಪರಿಚಯವಾದ ಹತ್ತು ನಿಮಿಷದೊಳಗೆ ಹೊರಬೀಳುತ್ತವೆ. ಮೂರನೆಯದು ನಿಜವೂ ಹೌದು. ಭಾರತದ ಕಾಫಿಯ ದೊಡ್ಡ ಗಿರಾಕಿಗಳಲ್ಲಿ ಇಟಲಿ ಒಂದು.

ಸಾಧನೆಯ ಮೊದಲ ಹಂತ ಅಧ್ಯಯನ. ಇದು ತಿಂಗಳುಗಟ್ಟಲೆ ನಡೆಯುತ್ತದೆ, ಮತ್ತು ಸಾಧಕ ನಿಜವಾಗಿ ಸುಖವಾಗಿರುವುದು ಈ ಹಂತದಲ್ಲೇ. ಎಕ್ಸೆಲ್ ಹಾಳೆ ತೆರೆಯುತ್ತದೆ. 1884ರಲ್ಲಿ ಟ್ಯೂರಿನ್ನಿನ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಬೆಝೆರಾ, 1938ರಲ್ಲಿ ಗಾಜಿಯಾ, ಹೀಗೆ ಪೇಟೆಂಟುಗಳ ವಂಶಾವಳಿ ಬಾಯಿಪಾಠವಾಗುತ್ತದೆ. ರಾತ್ರಿ ಊಟಕ್ಕೆ ಬಂದ ಭಾವನಿಗೆ ಅದನ್ನು ಪೂರ್ತಿ ಒಪ್ಪಿಸಿದ ಮೇಲೆಯೇ ಮೊಸರು. ಹಾಳೆಯಲ್ಲಿ ಅತಿ ಹೆಚ್ಚು ಕೆಲಸ ಕೆಡಿಸುವ ಅಂಕಣ ‘ಬಾರ್’. ಎಸ್ಪ್ರೆಸೊಗೆ ಬೇಕಾದ ಒತ್ತಡ ಸುಮಾರು 9 ಬಾರ್. ಪೆಟ್ಟಿಗೆಯ ಮೇಲೆ 15, 20 ಎಂದು ಅಚ್ಚು ಹಾಕಿರುವುದು ಪಂಪಿನ ಗರಿಷ್ಠ ಶಕ್ತಿ. ಒಳ್ಳೆಯ ಯಂತ್ರದಲ್ಲಿ ಹೆಚ್ಚಿನದನ್ನು ಕವಾಟವೊಂದು ಹಿಂದಕ್ಕೆ ಬಿಟ್ಟುಬಿಡುತ್ತದೆ. ಮೊದಮೊದಲು ಸಾಧಕ ಈ ಅಂಕಣವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸುತ್ತಾನೆ. ಇದನ್ನು ಅವನು ಮುಂದೆಂದೂ ಒಪ್ಪಿಕೊಳ್ಳುವುದಿಲ್ಲ.

ಯಂತ್ರಗಳಲ್ಲಿ ನೀರು ಕಾಯಿಸುವ ಬಗೆಯೇ ಮುಖ್ಯ ಭೇದ. ಥರ್ಮೊಬ್ಲಾಕ್ ಇರುವವು ಒಂದು ನಿಮಿಷದೊಳಗೆ ಸಿದ್ಧ, ಅಗ್ಗ. ಒಂದೇ ಬಾಯ್ಲರಿನವು ಗಟ್ಟಿಮುಟ್ಟು, ಆದರೆ ಕಾಫಿ ಇಳಿಸಿದ ಮೇಲೆ ಹಾಲಿಗೆ ಹಬೆ ಬೇಕಾದರೆ ಕಾಯಬೇಕು. ಎರಡು ಬಾಯ್ಲರಿನವು ಎರಡನ್ನೂ ಒಟ್ಟಿಗೆ ಮಾಡುತ್ತವೆ. ಬೆಲೆ ಲಕ್ಷ ದಾಟುತ್ತದೆ. ಬೆಳಿಗ್ಗೆ ಎರಡು ಕಪ್ಪು, ಸಂಜೆ ಎರಡು ಕಪ್ಪು ಇಳಿಯುವ ಮನೆಗೆ ಮೊದಲೆರಡರಲ್ಲಿ ಒಂದು ಧಾರಾಳವಾಗಿ ಸಾಕು. ಸಾಧಕನ ಕಣ್ಣು ಮಾತ್ರ ಮೂರನೆಯದರ ಮೇಲೆ. “ನಾಳೆ ಹತ್ತು ಜನ ಬಂದರೆ?” ಎಂಬುದು ಅವನ ವಾದ. ಹತ್ತು ಜನ ಒಟ್ಟಿಗೆ ಬಂದದ್ದು ಗೃಹಪ್ರವೇಶದ ದಿನ ಮಾತ್ರ, ಅಂದು ಕಾಫಿ ಅಡುಗೆಯವರದು.

ಹಾಳೆಯಲ್ಲಿ ಬಾರದ ಅಂಕಣ ಒಂದಿದೆ. ಹೆಚ್ಚಿನ ಯಂತ್ರಗಳ ನೀರಿನ ತೊಟ್ಟಿ ತುಂಬುವುದು ಮೇಲಿನಿಂದ. ಫ್ಲ್ಯಾಟಿನ ಅಡುಗೆಮನೆಯಲ್ಲಿ ಕಟ್ಟೆಯ ಮೇಲೆ ಒಂದೂವರೆ ಅಡಿಗೇ ಕಪಾಟು ಬಂದಿರುತ್ತದೆ. ಪ್ರತಿ ಸಲ ನೀರು ಹಾಕಲು ಯಂತ್ರವನ್ನು ಮುಂದಕ್ಕೆಳೆದು ಹಿಂದಕ್ಕೆ ನೂಕಬೇಕು. ಇದನ್ನು ಮೊದಲೇ ಕಂಡುಕೊಳ್ಳುವವಳು ಹೆಂಡತಿ. “ರೀ, ಕುಕ್ಕರ್ ಎಲ್ಲಿಡೋದು?” ಎಂಬ ಅವಳ ಪ್ರಶ್ನೆಗೆ ಎಕ್ಸೆಲ್‌ನಲ್ಲಿ ಉತ್ತರವಿರುವುದಿಲ್ಲ. ಅಮೆರಿಕದ ತಮ್ಮ ಅಗ್ಗಕ್ಕೆ ತಂದುಕೊಟ್ಟ ಯಂತ್ರವಾದರೆ ಇನ್ನೊಂದು ಫಜೀತಿ: ಅದು 120 ವೋಲ್ಟಿನದು, ಇಲ್ಲಿಯ ಕರೆಂಟು 230. ಜೊತೆಗೊಂದು ಟ್ರಾನ್ಸ್‌ಫಾರ್ಮರ್ ಬೇಕು. ಅದು ಕುಳಿತ ಮೇಲೆ ಮಿಕ್ಸಿಗೂ ಜಾಗವಿಲ್ಲ.

ಇಷ್ಟೆಲ್ಲ ಆಗುವಾಗ ಗ್ರೈಂಡರಿನ ಮಾತೇ ಬಂದಿರುವುದಿಲ್ಲ. ಸಾಧಕನನ್ನು ಗುರುತಿಸುವ ಖಚಿತ ಲಕ್ಷಣ ಇದು. ಯಂತ್ರಕ್ಕೆ ಅರವತ್ತು ಸಾವಿರ, ಗ್ರೈಂಡರಿಗೆ ಉಳಿದ ಚಿಲ್ಲರೆ. ವಾಸ್ತವದಲ್ಲಿ ಕಪ್ಪಿನ ಹಣೆಬರಹ ಬರೆಯುವುದು ಗ್ರೈಂಡರು. ಬಿಸಿನೀರು 9 ಬಾರ್ ಒತ್ತಡದಲ್ಲಿ ಪುಡಿಯ ಬಿಲ್ಲೆಯೊಳಗೆ ನುಗ್ಗುವಾಗ ಅದನ್ನು ತಡೆಯುವುದು ಮುಖ್ಯವಾಗಿ ಪುಡಿಯ ನುಣುಪು. ಬ್ಲೇಡಿನ ಗ್ರೈಂಡರು, ಮಿಕ್ಸಿಯ ಚಿಕ್ಕ ಜಾರು, ಎರಡೂ ಬೀಜವನ್ನು ಕತ್ತರಿಸಿ ಎರಚುತ್ತವೆ. ಅರ್ಧ ಧೂಳು, ಅರ್ಧ ನುಚ್ಚು. ನೀರು ನುಚ್ಚಿರುವ ಕಡೆ ದಾರಿ ಮಾಡಿಕೊಂಡು ಹರಿದುಹೋಗುತ್ತದೆ. ಒಂದೇ ಗಾತ್ರಕ್ಕೆ ಅರೆಯಲು ಎರಡು ಹಲ್ಲುಚಕ್ರಗಳ ಬರ್ ಗ್ರೈಂಡರೇ ಬೇಕು, ಅದೂ ಅತಿ ಸಣ್ಣ ಹೆಜ್ಜೆಗಳಲ್ಲಿ ಹೊಂದಿಸಲು ಬರುವಂಥದು. ಕೈಯಲ್ಲಿ ತಿರುಗಿಸುವ ಒಳ್ಳೆಯ ಬರ್ ಗ್ರೈಂಡರು ಇದೇ ಕೆಲಸವನ್ನು ಮೋಟಾರಿನದಕ್ಕಿಂತ ಕಡಿಮೆ ಬೆಲೆಯಲ್ಲಿ ಮಾಡುತ್ತದೆ, ಖರ್ಚು ತೋಳಿನದು.

ಹಾಗಾದರೆ ಮೊದಲ ವಾರ ಕಪ್ಪಿನ ಮೇಲೆ ಅಷ್ಟು ಚೆಂದದ ನೊರೆ ಬಂದದ್ದು ಹೇಗೆ? ಮನೆಬಳಕೆಯ ಎಷ್ಟೋ ಯಂತ್ರಗಳ ಜೊತೆ ಬರುವ, ಪುಡಿ ತುಂಬುವ ಬುಟ್ಟಿಗೆ ಎರಡು ತಳ. ಕೆಳಗಿನದಕ್ಕೆ ಸೂಜಿಮೊನೆಯಷ್ಟು ಒಂದೇ ತೂತು. ಆರು ತಿಂಗಳ ಹಳೆಯ ಪುಡಿ ಹಾಕಿದರೂ ಆ ತೂತು ನೊರೆ ಎಬ್ಬಿಸುತ್ತದೆ. ಸಾಧಕ ಆ ನೊರೆಯ ಫೋಟೊವನ್ನು ಮದುವೆಯಾದ ಅಕ್ಕತಂಗಿಯರೆಲ್ಲರಿಗೂ ಕಳಿಸಿರುತ್ತಾನೆ. ಊರಿಂದ ತಂದ ಚಿಕೋರಿ ಬೆರೆತ ಪುಡಿಯನ್ನು ಒಂದೇ ತಳದ ಬುಟ್ಟಿಗೆ ತುಂಬಿ ನೋಡುವುದೂ ಉಂಟು. ಚಿಕೋರಿ ನೀರು ಕಂಡೊಡನೆ ಅಂಟಾಗಿ ಬುಟ್ಟಿ ಕಟ್ಟಿಕೊಳ್ಳುತ್ತದೆ.

ಸರಿಯಾದ ಗ್ರೈಂಡರು ಬಂದ ನಂತರದ ಭಾನುವಾರ ನೋಡತಕ್ಕದ್ದು. ಬೆಳಿಗ್ಗೆ ಆರೂವರೆ. ತಕ್ಕಡಿಯಲ್ಲಿ 18.0 ಗ್ರಾಂ ಬೀಜ. ಅರೆದದ್ದನ್ನು ಬಿರಡೆಗೆ ಚುಚ್ಚಿದ ಸೂಜಿಗಳಿಂದ ಕೆದಕಿ, ಗಂಟು ಬಿಡಿಸಿ, ಟ್ಯಾಂಪರ್ ಒತ್ತಿ, ಗುಂಡಿ ಅದುಮುತ್ತಾನೆ. ಇಪ್ಪತ್ತೈದರಿಂದ ಮೂವತ್ತು ಸೆಕೆಂಡಿನಲ್ಲಿ 36 ಗ್ರಾಂ ಇಳಿಯಬೇಕು, ಹನ್ನೊಂದರಲ್ಲೇ ಸುರಿದುಬಿಡುತ್ತದೆ. ರುಚಿ ಹುಣಸೆನೀರಿನದು. ಎರಡು ಗೆರೆ ನುಣ್ಣಗೆ ತಿರುಗಿಸುತ್ತಾನೆ. ಈ ಸಲ ಯಂತ್ರ ಗುಂಯ್‌ಗುಡುತ್ತದೆ, ಹನಿ ಬೀಳುವುದಿಲ್ಲ. ಒಂದು ಗೆರೆ ಹಿಂದಕ್ಕೆ. ಹಾಲ್‌ನಿಂದ ಧ್ವನಿ: “ರೀ, ಅತ್ತೆಗೆ ಕಾಫಿ ಆಯ್ತಾ?” “ಇನ್ನೊಂದು ಶಾಟ್ ನೋಡ್ತೀನಿ ಕಣೇ.” ತಾಯಿ ಸೊಸೆಗೆ ಹೇಳುತ್ತಾರೆ: “ಅವನ ಪರೀಕ್ಷೆ ಮುಗಿಯೋ ಹೊತ್ತಿಗೆ ಹನ್ನೊಂದಾಗತ್ತೆ. ನೀನು ಫಿಲ್ಟರಿಗೆ ನೀರು ಹಾಕಮ್ಮ.” 250 ಗ್ರಾಂ ಪೊಟ್ಟಣಕ್ಕೆ ಹದಿಮೂರೇ ಶಾಟ್, ಒಂಬತ್ತು ಗಂಟೆಗೆ ಅರ್ಧ ಪೊಟ್ಟಣ ಖಾಲಿ. ಚೆಲ್ಲಲು ಮನಸ್ಸು ಬಾರದೆ ಎಲ್ಲವನ್ನೂ ಕುಡಿದವನ ಕೈ ಪತ್ರಿಕೆ ಹಿಡಿದರೆ ಪತ್ರಿಕೆ ಅಲುಗುತ್ತದೆ. ಅಷ್ಟರಲ್ಲಿ ಹದ ಸಿಕ್ಕಿರುತ್ತದೆ. ಮಂಗಳವಾರ ಮಳೆ ಹಿಡಿದು ಗಾಳಿ ತೇವವಾದರೆ ಅದೇ ಗೆರೆಯಲ್ಲಿ ಬೇರೆಯೇ ಕಾಫಿ ಇಳಿಯುತ್ತದೆ. ಜೂನ್‌ನಿಂದ ಕೊಚ್ಚಿಯಲ್ಲಿ ಹದ ಎಂಬುದು ದಿನಗೂಲಿ.

ನೀರಿನ ವಿಷಯದಲ್ಲಿ ಸಾಧಕ ಬೆಂಗಳೂರಿನ ಭಯವನ್ನೇ ಹೊತ್ತು ಬಂದಿರುತ್ತಾನೆ. ಬೋರ್‌ವೆಲ್ಲಿನ ಗಡಸು ನೀರು ಬಾಯ್ಲರಿನಲ್ಲಿ ಸುಣ್ಣ ಕಟ್ಟುವುದು ನಿಜ. ಆದರೆ ಕೊಚ್ಚಿಯ ನಲ್ಲಿಯಲ್ಲಿ ಬರುವ ಪೆರಿಯಾರ್ ನೀರು ಮೆದು. ಇಲ್ಲಿ ಅಂಜಬೇಕಾದದ್ದು ಕಡಲಂಚಿನ ಬಾವಿಗಳ ಉಪ್ಪಿಗೆ; ಕ್ಲೋರೈಡ್ ಸ್ಟೀಲನ್ನೂ ತಿನ್ನುತ್ತದೆ. ಹೆದರಿ ಬರೀ ಆರ್‌ಒ ನೀರು ಹಾಕಿದರೆ ಕಾಫಿ ಸಪ್ಪೆ, ಮತ್ತು ಖನಿಜವಿಲ್ಲದ ನೀರನ್ನು ಕೆಲವು ಬಾಯ್ಲರುಗಳ ಮಟ್ಟಸೂಚಕ ಗುರುತಿಸುವುದೇ ಇಲ್ಲ. ಕೊಚ್ಚಿಯವನು ನಲ್ಲಿ ನೀರು, ಆರ್‌ಒ ನೀರು ಎರಡನ್ನೂ ಅಂದಾಜಿನಲ್ಲಿ ಬೆರೆಸುತ್ತಾನೆ. ತಿರುವನಂತಪುರದವನು ಟಿಡಿಎಸ್ ಮೀಟರ್ ಕೊಳ್ಳುತ್ತಾನೆ, ನಂತರ ಅದನ್ನು ಪರೀಕ್ಷಿಸಲು ಇನ್ನೊಂದು ಮೀಟರ್.

ಎರಡು ತಳಿಗಳ ಅಂತ್ಯವೂ ಬೇರೆ. ಕೊಚ್ಚಿಯ ಬ್ಯಾಂಕಿನವನಿಗೆ ವರ್ಗಾವಣೆ ಆದೇಶ ಬರುತ್ತದೆ. ಬಾಯ್ಲರಿನ ನೀರು ಪೂರ್ತಿ ತೆಗೆಯದೆ ಯಂತ್ರವನ್ನು ಲಾರಿಗೆ ಹಾಕಬಾರದೆಂದು ಓದಿ, ಅಷ್ಟು ರಗಳೆ ಬೇಡವೆಂದು ಅವನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮಾರಾಟಕ್ಕಿಡುತ್ತಾನೆ. ‘ಅಪರೂಪಕ್ಕೆ ಬಳಸಿದ್ದು’ ಎಂಬ ಒಕ್ಕಣೆ ಈ ಒಂದು ಪ್ರಸಂಗದಲ್ಲಿ ಅಕ್ಷರಶಃ ಸತ್ಯ. ಕೊಳ್ಳುವವನು ಒಮ್ಮೆ ಹಬೆ ಬಿಡಿಸಿ, ಕಾಫಿ ಇಳಿಯುವಾಗ ಹಿಡಿಯ ಅಂಚಿನಿಂದ ನೀರು ಜಿನುಗುತ್ತದೆಯೇ ನೋಡಿದರೆ ಸಾಕು. ಜಿನುಗಿದರೆ ರಬ್ಬರ್ ಗ್ಯಾಸ್ಕೆಟ್ ಬದಲಿಸಬೇಕು, ಅದು ದೊಡ್ಡ ಖರ್ಚಲ್ಲ. ಗ್ರೈಂಡರು ಮಾರಾಟಕ್ಕಿರುವುದಿಲ್ಲ. ಅಷ್ಟು ಬುದ್ಧಿ ಆ ಹೊತ್ತಿಗೆ ಬಂದಿರುತ್ತದೆ.

ತಿರುವನಂತಪುರದವನು ಮಾರುವುದಿಲ್ಲ, ಬಿಚ್ಚುತ್ತಾನೆ. ವಾರಂಟಿ ಮುಗಿಯಲು ಕಾಯುವಷ್ಟು ತಾಳ್ಮೆಯೂ ಇಲ್ಲ. ಹಳೆಯ ಥರ್ಮೊಸ್ಟ್ಯಾಟ್ ಹೋಗಿ ಉಷ್ಣವನ್ನು ಒಂದು ಡಿಗ್ರಿಯೊಳಗೆ ಹಿಡಿಯುವ ಪಿಐಡಿ ನಿಯಂತ್ರಕ ಬರುತ್ತದೆ, ಬಾಯ್ಲರಿಗೆ ಥರ್ಮೊಕಪಲ್, ಪಕ್ಕಕ್ಕೊಂದು ಒತ್ತಡಮಾಪಕ. ಹೊರಕವಚ ಮತ್ತೆ ಕೂರುವುದಿಲ್ಲವಾದ್ದರಿಂದ ಹಾಕುವುದನ್ನೇ ಬಿಡುತ್ತಾನೆ. ಇಂಥ ಯಂತ್ರದಲ್ಲಿ ಇಳಿದ ಕಾಫಿ ಬಹಳ ಚೆನ್ನಾಗಿರುತ್ತದೆ, ಇದನ್ನು ಹೇಳಲೇಬೇಕು. ಚಾಲೂ ಮಾಡುವ ಕ್ರಮವನ್ನು ಹನ್ನೊಂದು ಹಂತಗಳಲ್ಲಿ ಬರೆದು ಗೋಡೆಗೆ ಅಂಟಿಸಿರುವುದರಿಂದ, ಅವನು ಶ್ರೀಹರಿಕೋಟಾಕ್ಕೆ ಡ್ಯೂಟಿಯ ಮೇಲೆ ಹೋದ ದಿನಗಳಲ್ಲಿ ಮನೆಯವರು ಅದರ ಮೇಲೆ ಹಳೆಯ ಟವೆಲ್ ಹೊದಿಸಿ ಚಾಯ ಕುಡಿಯುತ್ತಾರೆ.