ಕಾರ್ಬೇಟರ್ ಕಾಕಾ

ಟು ಸ್ಟ್ರೋಕ್ ಎಂಜಿನ್ ಬಂದ್ ಬಿದ್ದ ಜಾಗದಲ್ಲಿ ಮೂವರು ನಿಂತಿದ್ದರೆ ಒಬ್ಬರು ಅದರ ಮಾಲೀಕರು, ಇನ್ನೊಬ್ಬ ಹಗ್ಗ ಎಳೆದೆಳೆದು ರಟ್ಟೆ ನೋಯಿಸಿಕೊಂಡ ಆಳು, ಮೂರನೆಯವರು ಕಾರ್ಬೇಟರ್ ಕಾಕಾ. ಅವರನ್ನು ಯಾರೂ ಕರೆದಿರುವುದಿಲ್ಲ. ವಿಜಯಪುರದ ಸ್ಟೇಶನ್ ರೋಡಿನ ಬಂಗಲೆಯ ಹುಲ್ಲುಹಾಸಿರಲಿ, ಟಿಕೋಟಾದ ದ್ರಾಕ್ಷಿ ತೋಟವಿರಲಿ, ಬಬಲೇಶ್ವರದ ಕಬ್ಬಿನ ಬದುವಿರಲಿ, ಎಂಜಿನ್ನಿನ ಸಪ್ಪಳ ನಿಂತ ಸ್ವಲ್ಪ ಹೊತ್ತಿಗೆ ಕಾಕಾನ ಸಪ್ಪಳ ಶುರುವಾಗುತ್ತದೆ.

ಬಿಳಿ ಅಂಗಿಯ ಕಿಸೆಯಲ್ಲಿ ಪೆನ್ನು ಇರಬೇಕಾದಲ್ಲಿ ಸ್ಕ್ರೂಡ್ರೈವರ್. ಬಂದವರು ಮಷಿನ್ನಿನ ಕಡೆ ನೋಡುವುದಿಲ್ಲ. ಆಳಿಗೆ ಇನ್ನೊಂದು ಸಲ ಹಗ್ಗ ಎಳೆಯಲು ಹೇಳಿ, ಕಣ್ಣು ಮುಚ್ಚಿ ಕಿವಿಗೊಡುತ್ತಾರೆ. ಎಂಜಿನ್ "ಬುರ್ರ್" ಎಂದು ಸತ್ತು ಹೋಗುತ್ತದೆ.

"ಸಾವಕಾರ್ರ, ಕಾರ್ಬೇಟರ್‌ದಾಗ ಕಚರಾ ಬಂದದ. ಬಿಚ್ಚೂದ."

ಗೋಲಗುಮ್ಮಟದೊಳಗೆ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಎನ್ನುತ್ತಾರೆ. 1656ರಲ್ಲಿ ಮುಗಿದ ಆ ಗುಮ್ಮಟದ ಸಹಾಯವಿಲ್ಲದೆಯೇ ಕಾಕಾನ ಮಾತು ಬಟಾಬಯಲಿನಲ್ಲಿ ಮರುದನಿಸುತ್ತದೆ. ಅಷ್ಟರಲ್ಲಿ ನೆರೆದ ಮಂದಿಯೆಲ್ಲ "ಹೌದ್ರಿ, ಕಾರ್ಬೇಟರ್", "ಕಾರ್ಬೇಟರ್ ಅದು" ಎಂದು ಸಾಲಾಗಿ ಹೇಳಿ ಮುಗಿಸುತ್ತಾರೆ.

ಇಷ್ಟು ಅಧಿಕಾರ ಕಾಕಾಗೆ ಬಂದದ್ದು ಯಮಾಹಾ ಆರ್‌ಎಕ್ಸ್ 100ರಿಂದ. 1985ರಿಂದ 1996ರವರೆಗೆ ತಯಾರಾದ 98 ಸಿಸಿಯ ಆ ಗಾಡಿಯನ್ನು ಅವರು ಓಡಿಸಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಗಾಡಿ ಈಗ ತಾಡಪತ್ರಿ ಕೆಳಗೆ ಮಲಗಿದೆ. ಅನುಭವ ಮಾತ್ರ ಇನ್ನೂ ರನ್ನಿಂಗ್ ಕಂಡೀಶನ್ನಿನಲ್ಲಿದೆ. ಹೊಗೆಯ ನಿಯಮಗಳು ಬಿಗಿಯಾಗಿ ಟು ಸ್ಟ್ರೋಕ್ ಬೈಕುಗಳು ರಸ್ತೆಯಿಂದ ಒಂದೊಂದೇ ಮರೆಯಾದಾಗ ಕಾಕಾ ನಿರುದ್ಯೋಗಿಯಾಗುವುದರಲ್ಲಿದ್ದರು. ಅಷ್ಟರಲ್ಲಿ ಹುಲ್ಲು ಕೊಯ್ಯುವ ಮಷಿನ್ನು, ಅಂದರೆ ಬ್ರಷ್ ಕಟರ್, ಊರೂರಿಗೆ ಬಂದು ಅವರ ಕೈ ಹಿಡಿಯಿತು.

ಟು ಸ್ಟ್ರೋಕ್ ಎಂಜಿನ್ ಕಂಡವರಿಗೆಲ್ಲ ಕೈ ಹಾಕುವ ಧೈರ್ಯ ಬರುವುದಕ್ಕೆ ಕಾರಣವೂ ಇದೆ. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ 1891ರಲ್ಲಿ ಪೇಟೆಂಟ್ ಪಡೆದ ಮಾದರಿಯಿಂದ ಬೆಳೆದು ಬಂದ ಸರಳ ಎಂಜಿನ್ನಿನಲ್ಲಿ ವಾಲ್ವುಗಳ ಗೊಡವೆಯೇ ಇಲ್ಲ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತಾ ತಾನೇ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪ್ರತಿ ಸುತ್ತಿಗೂ ಒಂದು ಸಲ ಬೆಂಕಿ. ಬೇರೆ ಆಯಿಲ್ ಚೇಂಬರ್ ಇಲ್ಲ, ಪೆಟ್ರೋಲಿನಲ್ಲೇ ಆಯಿಲ್. ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ 1952ರಲ್ಲಿ ಮನೆಯ ಗ್ಯಾರೇಜಿನಲ್ಲೇ ಟು ಸ್ಟ್ರೋಕ್ ಎಂಜಿನ್ ಅಡ್ಡ ಮಲಗಿಸಿ ಹುಲ್ಲು ಕತ್ತರಿಸುವ ಮಷಿನ್ ಮಾಡಿದಾಗ ಪೆಟ್ರೋಲ್ ಟ್ಯಾಂಕಿಗೆ ಬಳಸಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬಿ. ಅದೇ ಮುಂದೆ ವಿಕ್ಟಾ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯಾದ ಮನೆಮನೆ ಸೇರಿತು. ಈ ಕಥೆ ಕೇಳಿದರೆ ಕಾಕಾ ಕೇಳುವುದು ಒಂದೇ ಪ್ರಶ್ನೆ: "ಕಾರ್ಬೇಟರ್ ಯಾವುದು ಹಾಕಿದ್ದಾ?"

ವಿಧಾನಸಭೆಯ ಟಿಕೋಟಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಹೋಗಿ ಬಬಲೇಶ್ವರ ಕ್ಷೇತ್ರವಾಯಿತು. ಎಂಜಿನ್ನಿನ ವಿಚಾರದಲ್ಲಿ ಮಾತ್ರ ಆಗಲೂ ಈಗಲೂ ಎರಡೇ ಪಕ್ಷ: ಪೆಟ್ರೋಲ್ ಪಕ್ಷ, ಕರೆಂಟ್ ಪಕ್ಷ. ಮೊದಲನೆಯದಕ್ಕೆ ಕಾಕಾ ಅಧ್ಯಕ್ಷರು. ಕರೆಂಟ್ ಪಕ್ಷದವರು ಪ್ಲಗ್ ಬಿಚ್ಚಿ, ಕ್ಯಾಪ್ ಸಿಕ್ಕಿಸಿ, ಸಿಲಿಂಡರಿಗೆ ತಾಗಿಸಿ ಹಿಡಿಯಲು ಆಳಿಗೆ ಹೇಳಿ ಹಗ್ಗ ಎಳೆಯುತ್ತಾರೆ. ಕರೆಂಟ್ ಬಂತೋ ಇಲ್ಲವೋ ಎಂದು ಪ್ಲಗ್ ನೋಡಬೇಕಾಗಿಲ್ಲ, ಆಳಿನ ಮುಖ ನೋಡಿದರೆ ಸಾಕು.

ಕಾಕಾ ಪ್ಲಗ್ ಬಿಚ್ಚುವುದು ಬೇರೆ ಉದ್ದೇಶಕ್ಕೆ. ಚಷ್ಮಾ ಹಣೆಗೇರಿಸಿ, ಪ್ಲಗ್ ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಾರೆ. ಈ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ. ತುದಿ ಇಟ್ಟಿಗೆಯ ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ, ಪೆಟ್ರೋಲ್ ಕಡಿಮೆಯಾಗಿ ಒಳಗೆ ಸುಡುತ್ತಿದೆ. ಕರ್ರಗೆ ಒದ್ದೆಯಾಗಿದ್ದರೆ ಆಯಿಲ್ ಹೆಚ್ಚು, ಇಲ್ಲವೇ ಏರ್ ಫಿಲ್ಟರ್ ಧೂಳು ತುಂಬಿ ಉಸಿರು ಕಟ್ಟಿದೆ.

ಹತ್ತರಲ್ಲಿ ಎಂಟು ಸಲ ಪ್ಲಗ್ ಕರ್ರಗೇ ಇರುತ್ತದೆ. ಅದಕ್ಕೂ ಕಾಕಾನೇ ಕಾರಣ. ಮಷಿನ್ನಿನ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್, 25ಕ್ಕೆ 1 ಎಂದಿದ್ದರೆ 40 ಮಿಲಿ. ಕಾಕಾನ ಲೆಕ್ಕ ಮಿಲಿಯಲ್ಲಿಲ್ಲ. "ಒಂದೀಟು ಜಾಸ್ತೀನ ಹಾಕ್ರಿ, ಎಂಜಿನ್ ತಂಪಿರ್ತದ" ಎಂದು ಡಬ್ಬಿ ಬಗ್ಗಿಸುತ್ತಾರೆ. ಆ ಒಂದೀಟು ಆಯಿಲ್ ಹೊಗೆಯಾಗಿ ಹೊರಗೆ ಹೋಗುವಾಗ ಸೈಲೆನ್ಸರಿನ ಜಾಳಿಗೆ ಮಸಿ ಹಿಡಿಸಿ ಹೋಗುತ್ತದೆ. ಮಷಿನ್ ನಿಂತಲ್ಲಿ ಚೆನ್ನಾಗಿ ಗುಂಯ್‌ಗುಡುತ್ತದೆ, ಹುಲ್ಲಿಗೆ ಹಚ್ಚಿದ ಕೂಡಲೇ ಪಿಕಪ್ ಇಲ್ಲ. ಜಾಳಿ ತೆಗೆದು ತಂತಿ ಬ್ರಷ್ಷಿನಿಂದ ಉಜ್ಜಿದರೆ ಮುಗಿಯುವ ಕೆಲಸಕ್ಕೆ ಕಾಕಾ ಮತ್ತೆ ಕಾರ್ಬೇಟರ್ ಬಿಚ್ಚುತ್ತಾರೆ.

ಬಿಚ್ಚಿದಾಗ ಹೊಸ ಸಂಕಟ. ಆರ್‌ಎಕ್ಸ್ 100ರ ಕಾರ್ಬೇಟರಿನಲ್ಲಿ ಪೆಟ್ರೋಲಿನ ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್ ಇತ್ತು. ಬ್ರಷ್ ಕಟರನ್ನು ಎತ್ತ ಬಾಗಿಸಿದರೂ ಪೆಟ್ರೋಲ್ ಹರಿಯಬೇಕಾದ್ದರಿಂದ ಅದರಲ್ಲಿ ಫ್ಲೋಟ್ ಇಲ್ಲ, ತೆಳ್ಳನೆಯ ಡಯಾಫ್ರಮ್ ಇದೆ. ಕಾಕಾ ಫ್ಲೋಟನ್ನು ಹುಡುಕಿ ಹುಡುಕಿ ಕೊನೆಗೆ ನಿಟ್ಟುಸಿರು ಬಿಡುತ್ತಾರೆ: "ನೋಡ್ರಿ, ಈಗಿನ ಕಂಪನಿಯವರು ಫ್ಲೋಟ್‌ನೂ ಉಳಿಸ್ಯಾರ!"

ವರ್ಷಕ್ಕೊಮ್ಮೆ ಮಾತ್ರ ಕಾಕಾನ ಮಾತು ನೂರಕ್ಕೆ ನೂರು ನಿಜ. ತಿಂಗಳುಗಟ್ಟಲೆ ಮೂಲೆ ಸೇರಿದ್ದ ಮಷಿನ್ನನ್ನು ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿ ಸವರುವ ಹೊತ್ತಿಗೆ ದ್ರಾಕ್ಷಿ ಸಾಲಿನ ಕಸ ಕೊಯ್ಯಲು ಹೊರತೆಗೆದಾಗ, ಒಳಗೆ ಉಳಿದ ಪೆಟ್ರೋಲ್ ಆರಿ ಅಂಟಾಗಿ ಜೆಟ್ಟಿನ ಸಣ್ಣ ತೂತನ್ನು ಮುಚ್ಚಿರುತ್ತದೆ. ಆಗ ಕಾರ್ಬೇಟರ್ ಬಿಚ್ಚಿ ತೊಳೆಯಲೇಬೇಕು. ಪೆಟ್ರೋಲಿನಲ್ಲಿ ಶೇ 20ರಷ್ಟು ಇಥೆನಾಲ್ ಬಂದ ಮೇಲೆ ಕಾಕಾನ ಗತ್ತು ಇನ್ನೂ ಏರಿದೆ. ಇಥೆನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಹಾಳು ಮಾಡುತ್ತದೆ. ಇಥೆನಾಲ್ ಕಬ್ಬಿನಿಂದಲೂ ಬರುತ್ತದೆಂದು ತಿಳಿದ ದಿನ ಅವರು ಬಬಲೇಶ್ವರದ ಕಬ್ಬಿನ ಗದ್ದೆಯ ಮಾಲೀಕರನ್ನೇ ತರಾಟೆಗೆ ತೆಗೆದುಕೊಂಡರು: "ನಿಮ್ಮ ಕಬ್ಬು ನಿಮ್ಮ ಮಷಿನ್ನಿಗೇ ಮುಳುವಾತು ನೋಡ್ರಿ."

ಆದರೆ ಕಾಕಾಗೆ ಕೀರ್ತಿ ತಂದದ್ದು ಇದಾವುದೂ ಅಲ್ಲ. ಚೆನ್ನಾಗಿ ಓಡುತ್ತಾ ಓಡುತ್ತಾ ಹತ್ತು ನಿಮಿಷಕ್ಕೆ ನಿಲ್ಲುವ ಮಷಿನ್ನು. ಇಂಥ ಮಷಿನ್ನಿಗೆ ಗ್ಯಾರೇಜಿನವರು ಸೋತರೂ ಕಾಕಾ ಸೋಲುವುದಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಬಾಟಲಿಗೆ ಸುರುವಿ, ಕಾರ್ಬೇಟರ್ ಬಿಚ್ಚಿ, ಊದಿ, ಒರೆಸಿ, ಮತ್ತೆ ಕೂಡಿಸಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಚಾಲೂ. ಚಹಾ ಬರುತ್ತದೆ, ಭಜಿ ಬರುತ್ತದೆ. ಮಷಿನ್ ಮತ್ತೆ ನಿಲ್ಲುವ ಹೊತ್ತಿಗೆ ಕಾಕಾ ಊರು ದಾಟಿರುತ್ತಾರೆ.

ಈ ದೀಪಾವಳಿ ರಜೆಯಲ್ಲಿ ಟಿಕೋಟಾದ ಒಂದು ತೋಟದಲ್ಲಿ ಅದೇ ನಡೆಯುವುದಿತ್ತು. ಕಾಕಾ ಸ್ಕ್ರೂಡ್ರೈವರ್ ತೆಗೆದರು. ಮನೆಯ ಮೊಮ್ಮಗಳು, ಐಟಿಐ ಕಲಿಯುವ ಹುಡುಗಿ, ಅಡ್ಡ ಬಂದಳು.

"ಕಾಕಾ, ಒಂದ ನಿಮಿಷ ನಿಲ್ಲ್ರಿ. ಬರೇ ಮುಚ್ಚಳ ಸಡ್ಲ ಮಾಡ್ತೀನಿ."

ಮುಚ್ಚಳ ತಿರುಗಿಸಿದ ಕೂಡಲೇ "ಸುಸ್" ಎಂದು ಗಾಳಿ ಒಳಗೆ ನುಗ್ಗಿತು. ಹಗ್ಗ ಎಳೆದಳು, ಎಂಜಿನ್ ಹೊತ್ತಿತು. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸೂಜಿಯಷ್ಟು ತೂತು ಮಣ್ಣಿನಿಂದ ಮುಚ್ಚಿತ್ತು. ಪೆಟ್ರೋಲ್ ಖರ್ಚಾದಂತೆ ಗಾಳಿ ಬಾರದೆ ಟ್ಯಾಂಕ್ ಒಳಗಿನಿಂದ ಜಗ್ಗಿ ಹಿಡಿದಿತ್ತು. ಇಷ್ಟು ವರ್ಷ ಪೆಟ್ರೋಲ್ ಸುರುವಲು ಕಾಕಾ ಮುಚ್ಚಳ ತೆಗೆದಾಗಲೇ ರೋಗ ಹೋಗುತ್ತಿತ್ತು, ಮುಂದಿನ ಒಂದು ತಾಸಿನ ಕೆಲಸ ಚಹಾದ ಸಲುವಾಗಿ ಆಗುತ್ತಿತ್ತು.

ನೆರೆದವರೆಲ್ಲ ಕಾಕಾನ ಮುಖ ನೋಡಿದರು. ಕಾಕಾ ಮುಚ್ಚಳ ಇಸಿದುಕೊಂಡು ಬಿಸಿಲಿಗೆ ಹಿಡಿದರು, ಚಷ್ಮಾ ಹಣೆಗೇರಿಸಿದರು, ತೂತು ಬಹಳ ಹೊತ್ತು ನೋಡಿದರು.

"ಹೌದವ್ವಾ, ಖರೇ ಅದ. ಗಾಳಿ ಈ ಮುಚ್ಚಳದಾಗ ನಿಂತದ," ಎಂದರು. "ಆದ್ರ ಈ ಮಣ್ಣ ಇಲ್ಲೀತನ ಬಂದದ ಅಂದ್ರ ಕಾರ್ಬೇಟರ್‌ತನಾ ಹೋಗದ ಬಿಟ್ಟಿರ್ತದೇನು? ಆ ಪಾನಾ ಈ ಕಡಿ ಕೊಡು."