ಪಂಪು ಹೋಗೈತೆ ಸಾರ್

ಬಸವೇಶ್ವರನಗರದಲ್ಲಿ ಯಾರದಾದರೂ ಹಳೆಯ ಮನೆ ಕೆಡವುತ್ತಿದ್ದರೆ ಎದುರು ಫುಟ್‌ಪಾತಿನಲ್ಲಿ ಒಂದು ಸಭೆ ಸೇರಿಯೇ ಸೇರುತ್ತದೆ. ವಾಕಿಂಗ್ ಮುಗಿಸಿದ ನಿವೃತ್ತರು, ಹಾಲಿನ ಪ್ಯಾಕೆಟ್ ಹಿಡಿದವರು, ಆಫೀಸಿಗೆ ಆಗಲೇ ತಡವಾದವರು ಎಲ್ಲರೂ ನಿಂತು ಜೆಸಿಬಿ ನೋಡುತ್ತಾರೆ. ಯಂತ್ರ ಯಾವ ಕಂಪನಿಯದಾದರೂ ನಮಗೆ ಅದು ಜೆಸಿಬಿಯೇ. 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿ ಶುರು ಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ತನ್ನ ಹೆಸರಿನ ಮೂರಕ್ಷರ ಮಾಗಡಿ ರಸ್ತೆಯ ಮಕ್ಕಳ ಬಾಯಲ್ಲಿ ಓಡಾಡುತ್ತದೆಂದು ಎಣಿಸಿರಲಾರ.

ಈ ಪುಕ್ಕಟೆ ಪ್ರದರ್ಶನದಿಂದ ಒಂದು ತೊಂದರೆಯಿದೆ. ಮುಂದುಗಡೆ ಬಕೆಟ್ ಇರುವ ಯಾವ ಗಾಡಿಯನ್ನು ಕಂಡರೂ ಅದು ಗೋಡೆ ಉರುಳಿಸಬೇಕು, ಮಣ್ಣನ್ನು ಬಾಚಿ ಲಾರಿಗೆ ಸುರಿಯಬೇಕು ಎಂಬ ನಿರೀಕ್ಷೆ ಹುಟ್ಟುತ್ತದೆ. ವಿಜಯನಗರದ ನಮ್ಮ ಭಾವನವರಿಗೂ ಹುಟ್ಟಿತ್ತು. ಬ್ಯಾಂಕಿನಿಂದ ನಿವೃತ್ತರಾಗಿ, ತಾವರೆಕೆರೆಯಾಚೆ ಒಂದಿಷ್ಟು ತೋಟ ಮಾಡಿ, ಶನಿವಾರ ಭಾನುವಾರದ ರೈತರಾದವರು. ತೋಟಕ್ಕೆಂದು ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ಕೊಂಡರು. ಅದರ ಹಳೆಯ ಯಜಮಾನ ಯಾವುದೋ ವರ್ಕ್‌ಶಾಪಿನಲ್ಲಿ ಮುಂದಕ್ಕೊಂದು ಲೋಡರ್ ಕೂರಿಸಿದ್ದ. ಎರಡು ತೋಳು, ಎರಡು ಸಿಲಿಂಡರ್, ಒಂದು ಬಕೆಟ್. ನೋಡಲು ಜೆಸಿಬಿಯ ಮೊಮ್ಮಗುವೇ.

ಗೊಬ್ಬರದ ಗುಡ್ಡೆಗೆ ಬಕೆಟ್ ನುಗ್ಗಿಸಿ ಲಿವರ್ ಎಳೆದರೆ ಮೊಮ್ಮಗು ಮುಲುಗಿತು. ಬಕೆಟ್ ಮೊಣಕಾಲೆತ್ತರಕ್ಕೆ ಬಂದು ನಿಂತಿತು. ಖಾಲಿ ಬಕೆಟ್ ಮಾತ್ರ ಸಲೀಸಾಗಿ ಆಕಾಶ ಮುಟ್ಟುತ್ತಿತ್ತು.

ಅಷ್ಟು ಸಾಕಿತ್ತು. ಪಕ್ಕದ ತೋಟದವರು ಬೇಲಿಯಾಚೆಯಿಂದಲೇ "ಪಂಪು ಹೋಗೈತೆ ಸಾರ್" ಎಂದರು. ನೀರಿನ ಟ್ಯಾಂಕರ್ ಓಡಿಸುವ ಡ್ರೈವರ್ ಗಾಡಿಯನ್ನೊಮ್ಮೆ ಸುತ್ತಿ, ಟೈರಿಗೆ ಒದ್ದು, ಪಂಪು ಎಂದ. ಎಂಜಿನಿಯರಿಂಗ್ ಓದುವ ಅಳಿಯ ಫೋನಿನಲ್ಲೇ ಪಂಪು ಎಂದ. ನಮ್ಮಲ್ಲಿ ಜ್ವರಕ್ಕೆಲ್ಲ ವೈರಲ್ ಎನ್ನುವಂತೆ ಹೈಡ್ರಾಲಿಕ್ಸಿನ ರೋಗಕ್ಕೆಲ್ಲ ಪಂಪು ಎನ್ನುತ್ತಾರೆ. ಇಡೀ ವ್ಯವಸ್ಥೆಯಲ್ಲಿ ದುಬಾರಿಯಾದದ್ದು ಅದೇ ಆದ್ದರಿಂದ, ಅದನ್ನು ಬದಲಿಸಿದರೆ ಏನೋ ಮಾಡಿದೆವೆಂಬ ತೃಪ್ತಿಯೂ ಸಿಗುತ್ತದೆ.

ಪಾಪ, ಪಂಪಿನ ಪರ ವಾದಿಸಲು ಯಾರೂ ಇಲ್ಲ. ಪಂಪು ಒತ್ತಡವನ್ನು ತಯಾರಿಸುವುದೇ ಇಲ್ಲ. ಅದು ಎಣ್ಣೆಯನ್ನು ಮುಂದೆ ತಳ್ಳುತ್ತದೆ, ಅಷ್ಟೆ. ಆ ಎಣ್ಣೆಗೆ ಎದುರಾಗಿ ಭಾರ ನಿಂತಾಗ ಒತ್ತಡ ಹುಟ್ಟುತ್ತದೆ. ಖಾಲಿ ಬಕೆಟ್ಟಿಗೆ ಸ್ವಲ್ಪ, ತುಂಬಿದ ಬಕೆಟ್ಟಿಗೆ ಬಹಳ. ಒತ್ತಡ ಮಿತಿ ಮೀರಿ ಪೈಪು ಸಿಡಿಯಬಾರದಲ್ಲ, ಅದಕ್ಕೆ ರಿಲೀಫ್ ವಾಲ್ವ್ ಎಂಬ ಕಾವಲುಗಾರನಿದ್ದಾನೆ. ಸ್ಪ್ರಿಂಗಿನಿಂದ ಒತ್ತಿ ಕೂರಿಸಿದ ಒಂದು ಗುಂಡು. ಗೊತ್ತುಪಡಿಸಿದ ಒತ್ತಡ ಬಂದೊಡನೆ ಅದು ಬಾಗಿಲು ತೆರೆದು ಎಣ್ಣೆಯನ್ನು ಟ್ಯಾಂಕಿಗೆ ವಾಪಸ್ ಕಳಿಸುತ್ತದೆ.

ಹಾಗಾಗಿ ಬಲ ಬೇರೆ, ವೇಗ ಬೇರೆ. ಬಕೆಟ್ ನಿಧಾನವಾಗಿಯಾದರೂ ಪೂರ್ತಿ ಭಾರ ಎತ್ತಿದರೆ ಎಣ್ಣೆಯ ಹರಿವು ಸಾಲದು: ಫಿಲ್ಟರ್ ಕಟ್ಟಿರಬಹುದು, ಎಂಜಿನ್ ರೇಸ್ ಕೊಡದೆ ಲಿವರ್ ಎಳೆಯುತ್ತಿರಬಹುದು. ಬರಿಗೈಯಲ್ಲಿ ಚುರುಕಾಗಿದ್ದು ಭಾರಕ್ಕೆ ಕೈಕೊಟ್ಟರೆ ಒತ್ತಡ ಏರುತ್ತಿಲ್ಲ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಎಣ್ಣೆ ಕಾದ ಮೇಲೆ ಸೋತರೆ, ತೆಳುವಾದ ಎಣ್ಣೆ ಸವೆದ ಸಂದುಗಳಲ್ಲಿ ನುಸುಳುತ್ತಿದೆ. ಆಗ ಬೇಕಾದರೆ ಪಂಪನ್ನು ಅನುಮಾನಿಸಿ. ಎತ್ತಿ ನಿಲ್ಲಿಸಿದ ಬಕೆಟ್ ತಾನಾಗಿ ಇಳಿಯುತ್ತ ಬಂದರೆ ಸಿಲಿಂಡರಿನ ಸೀಲೋ ಕಂಟ್ರೋಲ್ ವಾಲ್ವೋ ಸೋರುತ್ತಿದೆ. ಎಣ್ಣೆ ಮಜ್ಜಿಗೆಯ ಹಾಗೆ ನೊರೆಗಟ್ಟಿದ್ದರೆ ಗಾಳಿ ಸೇರಿದೆ. ಮಿನಿ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿಗೂ ಹೈಡ್ರಾಲಿಕ್ಸಿಗೂ ಎಷ್ಟೋ ಸಲ ಒಂದೇ ಎಣ್ಣೆ. ಮಟ್ಟ ಸ್ವಲ್ಪ ಇಳಿದು ಗಾಡಿ ಇಳಿಜಾರಿನಲ್ಲಿ ನಿಂತರೂ ಪಂಪು ಗಾಳಿ ಹೀರಲು ಶುರುಮಾಡುತ್ತದೆ.

ಇದೆಲ್ಲ ನನಗೆ ತಿಳಿದದ್ದು ಕಾಮಾಕ್ಷಿಪಾಳ್ಯದಲ್ಲಿ. ಮಾಗಡಿ ರಸ್ತೆಯಿಂದ ಒಳಗೆ ತಿರುಗಿದರೆ ಲೇತುಗಳ ಸದ್ದು, ಕಟಿಂಗ್ ಆಯಿಲ್ ವಾಸನೆ, ರಸ್ತೆಯವರೆಗೂ ಚೆಲ್ಲಿದ ಲೋಹದ ಸುರುಳಿಗಳು. ಒಂದು ಮನೆಯಗಲದ ಶೆಡ್ಡಿನಲ್ಲಿ ಮೂವರು ಸೇರಿ ಜಗತ್ತಿನ ಯಾವ ಬಿಡಿಭಾಗವನ್ನಾದರೂ ಕಡೆದುಕೊಟ್ಟಾರು. ಇಲ್ಲಿನ ಬಹಳಷ್ಟು ಮಾಲೀಕರು ಹಿಂದೊಮ್ಮೆ ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದು, ಸಂಬಳ ಸಾಲದೆ ಹೊರಬಿದ್ದವರು.

ಹೀಗೆ ಸಂಬಳ ಸಾಲದೆ ಹೊರಬೀಳುವುದಕ್ಕೂ ಪರಂಪರೆಯಿದೆ. ಹೈಡ್ರಾಲಿಕ್ ಪ್ರೆಸ್ಸಿಗೆ 1795ರಲ್ಲಿ ಪೇಟೆಂಟ್ ಪಡೆದವನು ಲಂಡನ್ನಿನ ಜೋಸೆಫ್ ಬ್ರಾಮಾ. ಅದಕ್ಕೂ ಮೊದಲು, 1778ರಲ್ಲಿ, ಆತ ಸುಧಾರಿಸಿದ ಕಕ್ಕಸಿಗೆ ಪೇಟೆಂಟ್ ಪಡೆದಿದ್ದ. ದ್ರವಗಳ ಚಲನೆಯಲ್ಲಿ ಆಸಕ್ತಿ ಮೊದಲಿನಿಂದಲೂ ಇತ್ತೆನ್ನಬೇಕು. ಪ್ರೆಸ್ಸಿನ ತಲೆನೋವು ಒಂದೇ, ಒತ್ತಡ ಏರಿದಂತೆ ಪಿಸ್ಟನ್ನಿನ ಅಂಚಿನಲ್ಲಿ ನೀರು ಸೋರುವುದು. ಒತ್ತಡ ಹೆಚ್ಚಿದಷ್ಟೂ ಬಿಗಿಯಾಗುವ ಚರ್ಮದ ಸೀಲನ್ನು ಕಂಡುಹಿಡಿದ ಕೀರ್ತಿ ಅವನ ಕೆಲಸಗಾರ ಹೆನ್ರಿ ಮಾಡ್ಸ್ಲೆಗೆ ಸಲ್ಲುತ್ತದೆ. ಆಮೇಲೆ ಮಾಡ್ಸ್ಲೆ ವಾರಕ್ಕೆ 30 ಶಿಲ್ಲಿಂಗಿಗಿಂತ ಹೆಚ್ಚು ಕೇಳಿದ, ಬ್ರಾಮಾ ಕೊಡಲಿಲ್ಲ, ಈತ 1797ರಲ್ಲಿ ಹೊರಬಂದು ಸ್ವಂತ ವರ್ಕ್‌ಶಾಪ್ ತೆರೆದು ಲೇತಿನ ಇತಿಹಾಸವನ್ನೇ ಬದಲಿಸಿದ. ಕಾಮಾಕ್ಷಿಪಾಳ್ಯದಲ್ಲಿ ಯಾರಿಗಾದರೂ ಈ ಕಥೆ ಹೇಳಿ ನೋಡಿ, ಆಶ್ಚರ್ಯಪಡುವುದಿಲ್ಲ.

ಇನ್ನು ಪಂಪಿನ ವಿಷಯಕ್ಕೆ ಬಂದರೆ, ನಾವು ಪಶ್ಚಿಮ ಬೆಂಗಳೂರಿನವರು ಅದನ್ನು ಹೀಗೆ ಹಗುರವಾಗಿ ದೂರಬಾರದು. ರಾಜಾಜಿನಗರದಿಂದ ತುಮಕೂರು ರಸ್ತೆಗೆ ಹೊರಳಿದರೆ ಪೀಣ್ಯ. ಅಲ್ಲಿ ಡೈನಮ್ಯಾಟಿಕ್ ಎಂಬ ಕಂಪನಿಯಿದೆ. 1973ರಲ್ಲಿ ಡೈನಮ್ಯಾಟಿಕ್ ಹೈಡ್ರಾಲಿಕ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ್ದು. ಟ್ರ್ಯಾಕ್ಟರುಗಳ ಹೈಡ್ರಾಲಿಕ್ ಗೇರ್ ಪಂಪುಗಳಿಗೆ ಹೆಸರಾದದ್ದು, ಈಗ ವಿಮಾನದ ಭಾಗಗಳನ್ನೂ ಮಾಡುತ್ತದೆ. ಉತ್ತರ ಭಾರತದ ಗೋಧಿ ಹೊಲದಲ್ಲಿ ನೇಗಿಲು ಮೇಲೆದ್ದರೆ ಅದರ ಹಿಂದೆ ನಮ್ಮ ಪೀಣ್ಯದ ಎರಡು ಗೇರುಗಳು ಹಲ್ಲು ಕಚ್ಚಿಕೊಂಡಿರುವ ಸಾಧ್ಯತೆ ಇದ್ದೇ ಇದೆ.

ಭಾವನವರಿಗೆ ಸಿಕ್ಕ ಮೆಕ್ಯಾನಿಕ್ ಕಾಮಾಕ್ಷಿಪಾಳ್ಯದಿಂದ ಬೈಕಿನಲ್ಲಿ ಬಂದ. ಬಂದವನು ಗಾಡಿಯನ್ನು ಸುತ್ತಲೂ ಇಲ್ಲ, ಟೈರಿಗೆ ಒದೆಯಲೂ ಇಲ್ಲ. ಬ್ಯಾಗಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಪ್ರೆಷರ್ ಗೇಜ್ ತೆಗೆದು ಪೈಪಿಗೆ ಜೋಡಿಸಿ, ಎಂಜಿನ್ ರೇಸ್ ಮಾಡಿಸಿ, ಬಕೆಟ್ಟನ್ನು ತುದಿಯವರೆಗೆ ಎತ್ತಿಸಿ ಲಿವರ್ ಹಿಡಿದಿಟ್ಟ. ಮುಳ್ಳು ತೊಂಬತ್ತರಲ್ಲಿ ನಿಂತಿತು.

"ನೂರೈವತ್ತು ಕೆ.ಜಿ. ಬರ್ಬೇಕು ಸಾರ್," ಎಂದ.

"ಹಾಗಾದರೆ ಪಂಪು?" ಭಾವನವರು ಆಸೆಯಿಂದಲೇ ಕೇಳಿದರು. ಇಷ್ಟು ಜನ ಹೇಳಿದ್ದು ಸುಳ್ಳಾಗಬಾರದಲ್ಲ.

"ಪಂಪಿಗೆ ಆಮೇಲ್ ಹೋಗಣ ಸಾರ್, ಎಲ್ಲೂ ಓಡೋಗಲ್ಲ."

ರಿಲೀಫ್ ವಾಲ್ವ್ ಬಿಚ್ಚಿದ. ಗುಂಡಿನ ಕೆಳಗೆ ಬೆಳ್ಳಗೆ ಏನೋ ಅಂಟಿಕೊಂಡಿತ್ತು. ಟೆಫ್ಲಾನ್ ಟೇಪ್! ಹಿಂದಿನ ತಿಂಗಳು ಹೋಸ್ ಪೈಪಿನ ಜಾಯಿಂಟು ತೊಟ್ಟಿಕ್ಕುತ್ತಿದೆಯೆಂದು ಭಾವನವರು ವಿಜಯನಗರದಿಂದ ಪ್ಲಂಬರನ್ನು ಕರೆದೊಯ್ದಿದ್ದರು. ಆತ ಬಚ್ಚಲ ನಲ್ಲಿಗೆ ಸುತ್ತುವಷ್ಟೇ ಧಾರಾಳವಾಗಿ ಸುತ್ತಿದ್ದ. ಟೇಪಿನ ಚೂರು ಎಣ್ಣೆಯೊಂದಿಗೆ ಸಾಗಿ ಕಾವಲುಗಾರನ ಬಾಗಿಲು ಪೂರ್ತಿ ಮುಚ್ಚದಂತೆ ಕೂತಿತ್ತು.

ಒತ್ತಡ ನೂರಕ್ಕೆ ನಲವತ್ತು ಭಾಗ ಇಳಿದರೆ ಎತ್ತುವ ಭಾರವೂ ಅಷ್ಟೇ ಭಾಗ ಇಳಿಯಬೇಕಲ್ಲ, ಇದೇಕೆ ಇಷ್ಟು ನಿತ್ರಾಣ ಎಂದು ಭಾವನವರ ಬ್ಯಾಂಕ್ ಬುದ್ಧಿ ಲೆಕ್ಕ ಹಾಕಿತು. ಲೆಕ್ಕ ಹೀಗಿದೆ. ಒಳವ್ಯಾಸ 40 ಮಿ.ಮೀ. ಇರುವ ಎರಡು ಸಿಲಿಂಡರಿಗೆ ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡ ಕೊಟ್ಟರೆ ಸುಮಾರು ಮೂರು ಮುಕ್ಕಾಲು ಟನ್ ತಳ್ಳುತ್ತವೆ. ಆದರೆ ಸಿಲಿಂಡರ್ ಒಂದಡಿ ಚಾಚಿದರೆ ಬಕೆಟ್ ಆರಡಿ ಏರಬೇಕು. ಆದ್ದರಿಂದ ಬಲ ಆರನೇ ಒಂದಾಗಿ ಆರುನೂರು ಚಿಲ್ಲರೆ ಕೆ.ಜಿ.ಗೆ ಇಳಿಯುತ್ತದೆ. ಅದರಲ್ಲಿ ತೋಳು, ಬಕೆಟ್ಟುಗಳ ತೂಕವೇ ಇನ್ನೂರರಷ್ಟು ತಿನ್ನುತ್ತದೆ. ಗೊಬ್ಬರಕ್ಕೆ ಉಳಿದದ್ದು ನಾನೂರು. ಒತ್ತಡ ತೊಂಬತ್ತಕ್ಕೆ ಬಿದ್ದಾಗ ಒಟ್ಟು ಬಲ ಮುನ್ನೂರೆಪ್ಪತ್ತೈದಕ್ಕೆ ಬಂತು, ಆದರೆ ಕಬ್ಬಿಣದ ಆ ಇನ್ನೂರು ತನ್ನ ಪಾಲಿನಲ್ಲಿ ಒಂದು ಕೆ.ಜಿ.ಯನ್ನೂ ಬಿಡಲಿಲ್ಲ. ಗೊಬ್ಬರಕ್ಕೆ ನೂರೆಪ್ಪತ್ತೈದು. ಹಸಿ ಗೊಬ್ಬರದ ಒಂದು ಬಕೆಟ್ಟೇ ಅಷ್ಟು ತೂಗುತ್ತದೆ.

ವಾಲ್ವ್ ತೊಳೆದು ಕೂರಿಸಿ, ಜಾಯಿಂಟಿಗೆ ಸರಿಯಾದ ವಾಷರ್ ಹಾಕಿ, ಎಣ್ಣೆ ಸೋಸಿ ತುಂಬಿ ಮತ್ತೆ ನೋಡಿದರೆ ಮುಳ್ಳು ನೂರೈವತ್ತು ಮುಟ್ಟಿತು. ಭಾವನವರ ಉತ್ಸಾಹ ಅದನ್ನೂ ದಾಟಿತು. ಗೊಬ್ಬರ ಬಿಟ್ಟು ನೇರವಾಗಿ ಕಲ್ಲುಮಣ್ಣಿನ ರಾಶಿಗೆ ನುಗ್ಗಿಸಿ, ಬಕೆಟ್ ಉಕ್ಕುವಂತೆ ತುಂಬಿ ಲಿವರ್ ಎಳೆದರು. ಬಕೆಟ್ ಒಂದಡಿ ಎದ್ದಿತು, ಜೊತೆಗೆ ಟ್ರ್ಯಾಕ್ಟರಿನ ಹಿಂಗಾಲುಗಳೂ ಎದ್ದವು. ಭಾವನವರು ಸೀಟಿನಲ್ಲಿ ಮುಂದಕ್ಕೆ ಬಾಗಿ, ಸ್ಟಿಯರಿಂಗ್ ಅಪ್ಪಿಕೊಂಡು, "ಇಳಿಸೋದು ಹೇಗೋ?" ಎಂದು ಕೂಗಿದರು.

ಏಳು ಟನ್ನಿಗೂ ಮಿಕ್ಕಿ ತೂಗುವ ಜೆಸಿಬಿಗೆ ಹಿಂದೆಯೂ ಒಂದು ದೊಡ್ಡ ತೋಳಿರುತ್ತದೆ, ಮುಂದಿನ ಭಾರವನ್ನು ಅದು ತೂಗಿಸುತ್ತದೆ. ಒಂದು ಟನ್ನಿನ ಆಸುಪಾಸಿನ ಮಿನಿ ಟ್ರ್ಯಾಕ್ಟರಿಗೆ ಹಿಂದೆ ಏನೂ ಕಟ್ಟದೆ ಮುಂದೆ ಎತ್ತು ಎಂದರೆ ಅದು ತಲೆ ಬಾಗುತ್ತದೆ. "ಹಿಂದ್ಗಡೆ ವೆಯ್ಟ್ ಬೇಕು ಸಾರ್, ಇನ್ನೂರು ಮುನ್ನೂರು ಕೆ.ಜಿ.," ಎಂದು ಮೆಕ್ಯಾನಿಕ್ ಗೇಜನ್ನು ಬಟ್ಟೆಯಲ್ಲಿ ಸುತ್ತಿಕೊಂಡ.

ಆ ರಾತ್ರಿ ವಿಜಯನಗರದ ಮನೆಯಲ್ಲಿ ಊಟ ಮಾಡುತ್ತ ಭಾವನವರ ಕಣ್ಣು ಹಿತ್ತಿಲ ಕಡೆ ಹೋಯಿತು. ಅಲ್ಲಿ ಅವರ ಅಮ್ಮನ ಕಾಲದ ರುಬ್ಬುವ ಕಲ್ಲು, ಒರಳು ಎರಡೂ ಕೂತಿದ್ದವು. ಅಕ್ಕ ಸಾರು ಬಡಿಸುತ್ತಿದ್ದವಳು ಸೌಟನ್ನು ಹಾಗೇ ಹಿಡಿದು, "ಅತ್ತೆಯ ಕಲ್ಲು ಮುಟ್ಟಿದರೆ ನಾನೇ ಬಂದು ಆ ಟ್ರ್ಯಾಕ್ಟರಿನ ಹಿಂದೆ ಕೂತ್ಕೋತೀನಿ," ಎಂದಳು. ಭಾವನವರು ಒಂದು ಕ್ಷಣ ಲೆಕ್ಕ ಹಾಕಿದಂತೆ ಕಂಡಿತು. ಬಾಯಿ ಬಿಡದೆ ಮಜ್ಜಿಗೆ ಕೇಳಿದರು.

ಮರುವಾರ ಪಕ್ಕದ ತೋಟದವರಿಂದ ರೋಟವೇಟರ್ ತಂದು ಹಿಂದೆ ಸಿಕ್ಕಿಸಿದರು. ಈಗ ಗೊಬ್ಬರ ಏಳುತ್ತದೆ. ರೋಟವೇಟರ್ ಕೊಟ್ಟವರು ಮಾತ್ರ ಬೇಲಿಯ ಹತ್ತಿರ ಸಿಕ್ಕಾಗಲೆಲ್ಲ, "ಹೊಸ ಪಂಪು ಎಷ್ಟಾಯ್ತು ಸಾರ್?" ಎಂದು ವಿಚಾರಿಸುತ್ತಾರೆ.